ಚೈನ್ ಒರೆಸೋದು ಯಾರ ಕೆಲಸ?

ಆಯುಧಪೂಜೆ ಆಗಿ ಒಂದು ವಾರ ಆಯ್ತು. ನಮ್ಮ ಅಡ್ಡರಸ್ತೆ ಮೂಲೇಲಿ ಬೂದುಗುಂಬಳಕಾಯಿ ಚೂರು ಇನ್ನೂ ಬಿದ್ದಿದೆ, ಈ ಕಡೆ ಬರೋರು ನೋಡ್ಕೊಂಡು ಕಾಲಿಡಿ. ನಿನ್ನೆ ಸಾಯಂಕಾಲ ನಮ್ಮಣ್ಣನ ಮಗಳು ಅವಳ ಹೊಸ ರೋಡ್ ಸೈಕಲ್ ತಳ್ಕೊಂಡು ಬಂದ್ಲು. "ಅತ್ತೆ, ಗೇರ್ ಬದಲಾಯಿಸಿದ್ರೆ ಕಟಕಟ ಅನ್ನತ್ತೆ, ಏರಲ್ಲಿ ತುಳಿದ್ರೆ ಜಾರತ್ತೆ. ತಗೊಂಡು ನಾಲ್ಕು ತಿಂಗಳಾಗಿಲ್ಲ, ಮೋಸ ಆಯ್ತು" ಅಂತ ಮುಖ ಸಣ್ಣ ಮಾಡ್ಕೊಂಡು ನಿಂತಳು. ಬಗ್ಗಿ ನೋಡಿದೆ. ಮೋಸ ಯಾರೂ ಮಾಡಿಲ್ಲ. ಹಬ್ಬದ ದಿನ ಮನೆಯೋರೆಲ್ಲ ಸೇರಿ ಸೈಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಆರತಿ ಎತ್ತಿದ್ದಾರೆ. ಹಾರದ ದಾರ ಹಿಂದಿನ ಪುಟ್ಟ ಹಲ್ಲುಚಕ್ರಕ್ಕೆ ಸುತ್ಕೊಂಡು ಕೂತಿದೆ. ಚೈನಿನ ಜಿಡ್ಡಿನ ಮೇಲೆ ಅರಿಶಿನ ಬಿದ್ದು, ಅದರ ಮೇಲೆ ರಸ್ತೆ ಧೂಳು ಬಿದ್ದು, ಚಟ್ನಿಪುಡಿಗೆ ಎಣ್ಣೆ ಕಲಸಿಟ್ಟ ಹಾಗಾಗಿದೆ.

"ಚೈನ್ ಯಾವಾಗ ಒರ್ಸಿದ್ದು?" ಅಂದೆ.

"ಅದು ಸರ್ವಿಸಿಗೆ ಕೊಟ್ಟಾಗ ಅವ್ರೇ ಮಾಡ್ತಾರಲ್ವಾ? ಇಲ್ದಿದ್ರೆ ಅಪ್ಪಂಗೆ ಹೇಳ್ತೀನಿ."

ಈ ಮಾತಿಗೇ ಇವತ್ತು ಬರೆಯೋಕೆ ಕೂತಿದ್ದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋರು ಆಡಿ. ಸೈಕಲ್ ಯಾರು ತುಳೀತಾರೋ ಚೈನ್ ಅವ್ರೇ ಒರೆಸಬೇಕು. ಅದು ಮೆಕ್ಯಾನಿಕ್ ಕೆಲಸ ಅಲ್ಲ, ಅಪ್ಪ, ಗಂಡ, ಮಗನ ಕೆಲಸವೂ ಅಲ್ಲ. ಅದು ಪಾತ್ರೆ ತೊಳೆದ ಹಾಗೆ, ಒಲೆ ಕಟ್ಟೆ ಒರೆಸಿದ ಹಾಗೆ, ನಮ್ಮ ಕೈಗೆ ಚೆನ್ನಾಗಿ ಗೊತ್ತಿರೋ ಕೆಲಸ. ಗೊತ್ತಿಲ್ಲ ಅಂತ ನಾವು ಅಂದ್ಕೊಂಡಿದ್ದೀವಿ, ಅಷ್ಟೇ.

ಇದನ್ನ ಹೇಳೋ ಯೋಗ್ಯತೆ ನಂಗೆ ಸುಮ್ನೆ ಬಂದಿದ್ದಲ್ಲ, ಮಂಡಿ ಒಡ್ಕೊಂಡು ಬಂದಿದ್ದು. ನಿಮ್ಗೆಲ್ಲ ಗೊತ್ತಲ್ಲ, ಮಗ ಕೆಲಸಕ್ಕೆ ಅಂತ ಊರು ಬಿಟ್ಟಾಗ ಅವನ ರೋಡ್ ಸೈಕಲ್ ವೆರಾಂಡದಲ್ಲಿ ಉಳೀತು. ಬಗ್ಗಿದ ಹ್ಯಾಂಡಲ್, ಬಳೆಯಷ್ಟು ಸಣ್ಣ ಟಯರು. ಐವತ್ತು ದಾಟಿದ ಮೇಲೆ ಅದರ ಮೇಲೆ ಕೂತಿದ್ದು ನೋಡಿ ಎದುರುಮನೆ ಆಂಟಿ "ಇದೇನು ವೇಷ" ಅಂದಿದ್ದು ಇನ್ನೂ ಕಿವೀಲಿದೆ. ಆಂಟಿ, ಓದ್ತಿದ್ದೀರಾ ಅಂತ ಗೊತ್ತು. ಮೊದಮೊದಲು ಬೆಳಗ್ಗೆ ಐದೂವರೆಗೆ ಗಾಂಧಿ ಬಜಾರ್‌ನಿಂದ ಲಾಲ್‌ಬಾಗ್ ಪಶ್ಚಿಮ ದ್ವಾರದವರೆಗೆ, ಅಲ್ಲಿಂದ ಸೌತ್ ಎಂಡ್ ಸರ್ಕಲ್, ವಾಪಸ್. ಆಮೇಲೆ ಭಾನುವಾರ ಮಲ್ಲೇಶ್ವರದ ತಂಗಿ ಮನೆಗೆ. ದಾರೀಲಿ ಕಬ್ಬನ್ ಪಾರ್ಕಿನೊಳಗೆ ಭಾನುವಾರ ಗಾಡಿ ಬಿಡಲ್ಲ, ಅಲ್ಲಿ ಹತ್ತು ನಿಮಿಷ ರಾಣಿ ಹಾಗೆ ತುಳಿಯೋದು. ಹದಿನೈದು ವರ್ಷದಲ್ಲಿ ನಾನು ಒಬ್ಬಳೇ, ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಮನೆಯಿಂದ ಹೊರಗೆ ಹೋಗಿದ್ದು ಅಂದ್ರೆ ಅದೇ.

ಆ ಒಂದು ವರ್ಷ ಚೈನಿಗೆ ನಾನು ಏನು ಮಾಡ್ತಿದ್ದೆ ಗೊತ್ತಾ? ಕೊಬ್ಬರಿ ಎಣ್ಣೆ ಹಾಕ್ತಿದ್ದೆ. ಬಾಗಿಲ ಬೋಲ್ಟು ಕಿರ್ ಅಂದ್ರೂ ಕೊಬ್ಬರಿ ಎಣ್ಣೆ, ಮಗೂಗೆ ಕಾಲು ತರಚಿದ್ರೂ ಕೊಬ್ಬರಿ ಎಣ್ಣೆ, ಸೈಕಲ್ಲಿಗೆ ಯಾಕಾಗಬಾರದು ಅಂತ. ಡಿಸೆಂಬರ್ ಚಳೀಲಿ ಶೀಶೆಯೊಳಗೆ ಅದು ಹೇಗೆ ಬೆಣ್ಣೆ ಹಾಗೆ ಗಟ್ಟಿಯಾಗತ್ತೋ ಚೈನಿನೊಳಗೂ ಹಾಗೇ ಆಗತ್ತೆ ಅಂತ ತಲೆಗೆ ಹೋಗಲಿಲ್ಲ. ಅದು ಧೂಳು ಹಿಡ್ಕೊಂಡು ಮರಳು ಕಾಗದ ಆಗ್ಹೋಯ್ತು. ಗಾಂಧಿ ಬಜಾರ್ ಅಗೆದಿದ್ದ ದಿನಗಳು ಬೇರೆ, ಧೂಳಿಗೇನು ಬರ.

ಒಂದು ದಿನ ಕೆಂಪಾಂಬುಧಿ ಕೆರೆ ಕಡೆಯಿಂದ ಬ್ಯೂಗಲ್ ರಾಕ್ ಕಡೆಗೆ ಹತ್ತುತ್ತಿದ್ದೆ. ಏರು ಅಲ್ಲಿ ಸ್ವಲ್ಪ ಜಾಸ್ತಿ. ಸೀಟಿಂದ ಎದ್ದು ನಿಂತು ಜೋರಾಗಿ ತುಳಿದೆ. ಚೈನ್ ಹಲ್ಲಿನ ಮೇಲೆ ನಿಲ್ಲದೆ ಜಾರ್ತು. ಕಾಲಿಗೆ ಒತ್ತು ಸಿಗದೆ ಪೆಡಲ್ ಸುಮ್ನೆ ಕೆಳಗಿಳೀತು, ಮಂಡಿ ಹೋಗಿ ಹ್ಯಾಂಡಲ್ಲಿಗೆ ಬಡೀತು, ನಾನು ಎಡಕ್ಕೆ ವಾಲಿದೆ. ಹಿಂದೆ ಬಸ್ಸಿತ್ತು. ಡ್ರೈವರ್ ಪುಣ್ಯಾತ್ಮ, ದೂರ ಇಟ್ಕೊಂಡಿದ್ದ. ನಾನು ಬಲಕ್ಕೆ ವಾಲಿದ್ರೆ ಏನಾಗ್ತಿತ್ತು ಅಂತ ಮನೇಲಿ ಇವತ್ತಿಗೂ ಹೇಳಿಲ್ಲ, ಇಲ್ಲಿ ಓದಿ ಗೊತ್ತಾಗಲಿ. ಹೂ ಮಾರೋ ಹೆಂಗಸು ಎದ್ದು ಬಂದು, ಬಿದ್ದಿದ್ದ ಚೈನ್ ಹಿಡಿಯೋಕೆ ಒಂದು ಬಾಳೆಎಲೆ ಚೂರು ಕೊಟ್ಟಳು. ಅಷ್ಟರಲ್ಲಿ ವಾಕಿಂಗ್ ಬಂದಿದ್ದ ಮೂರು ಜನ ಗಂಡಸ್ರು ನಿಂತು ಸಲಹೆ ಕೊಡೋಕೆ ಶುರು ಮಾಡಿದ್ರು. ಮೂರೂ ಬೇರೆ ಬೇರೆ.

ಆಮೇಲೆ ಒಂದು ಅಂಗಡಿಗೆ ತಗೊಂಡು ಹೋದ್ವಿ, ನಾನೂ ನಮ್ಮನೆಯವ್ರೂ. ಚೈನ್ ಹೋಗಿದೆ, ಹಿಂದಿನ ಹಲ್ಲುಚಕ್ರಗಳ ಗೊಂಚಲು, ಅಂದ್ರೆ ಕ್ಯಾಸೆಟ್, ಅದೂ ಹೋಗಿದೆ, ಎರಡೂ ಬದಲಾಯಿಸಬೇಕು ಅಂದ ಆ ಹುಡುಗ. ಅವನು ಹೇಳಿದ್ದು ನೂರಕ್ಕೆ ನೂರು ಸರಿ, ಅದು ಆಮೇಲೆ ಗೊತ್ತಾಯ್ತು. ಆದ್ರೆ ಅಷ್ಟೂ ಹೊತ್ತು ಅವನು ಹೇಳಿದ್ದು ನಮ್ಮನೆಯವ್ರ ಮುಖ ನೋಡ್ಕೊಂಡು. ಸೈಕಲ್ ನಂದು, ಮಂಡಿ ನಂದು, ದುಡ್ಡು ನನ್ನ ಪರ್ಸಿಂದು. ಇವ್ರೋ, 1985ರಿಂದ ಸೈಕಲ್ ಮುಟ್ಟಿಲ್ಲ, ಗಂಭೀರವಾಗಿ ತಲೆ ಅಲ್ಲಾಡಿಸ್ತಾ ನಿಂತಿದ್ರು. ಕ್ಯಾಸೆಟ್ ಬೆಲೆ ಚೈನಿಗಿಂತ ಹೆಚ್ಚು. ಚೈನ್ ಒಂದನ್ನ ಸಮಯಕ್ಕೆ ಬದಲಾಯಿಸಿದ್ರೆ ಕ್ಯಾಸೆಟ್ ಉಳೀತಿತ್ತು. ಅಲ್ಲಿಂದ ಬಂದ ದಿನ ರಾತ್ರಿ ಈ ಚೈನ್ ಅಂದ್ರೇನು ಅಂತ ಕಲಿತೇ ತೀರಬೇಕು ಅಂತ ಕೂತೆ.

ಕಲಿತ ಮೇಲೆ ನಗು ಬಂತು. ಎಲ್ಲಾ ನಮ್ಮ ಮನೆ ಒಳಗಿನ ವಿಷಯವೇ.

ಚೈನ್ "ಎಳೆದುಕೊಂಡಿದೆ", ಉದ್ದ ಆಗಿದೆ ಅಂತಾರಲ್ಲ, ಅದು ರಬ್ಬರ್ ಹಾಗೆ ಎಳೆದುಕೊಳ್ಳಲ್ಲ. ನಿಮ್ಮ ಕತ್ತಲ್ಲಿರೋ ಸರ ನೋಡ್ಕೊಳ್ಳಿ. ಇಪ್ಪತ್ತು ವರ್ಷ ಹಾಕ್ಕೊಂಡ ಮೇಲೆ ಕೊಂಡಿಗೆ ಕೊಂಡಿ ಉಜ್ಜಿ ಉಜ್ಜಿ ಒಳಮೈ ಸವೆದು ತೆಳ್ಳಗಾಗಿರತ್ತೆ, ಅಕ್ಕಸಾಲಿಗರು ಬೆಳಕಿಗೆ ಹಿಡಿದು "ಇಲ್ಲಿ ಸವೆದಿದೆ ಅಮ್ಮ" ಅಂತ ತೋರಿಸ್ತಾರೆ. ಸೈಕಲ್ ಚೈನೂ ಅದೇ. ಪ್ರತಿ ಕೊಂಡೀಲಿ ಒಂದು ಪಿನ್ನು, ಅದರ ಸುತ್ತ ಒಂದು ಪುಟ್ಟ ಉರುಳೆ. ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, ಅಂದ್ರೆ 12.7 ಮಿಲಿಮೀಟರು. ಎಲ್ಲಾ ಸೈಕಲ್ಲಲ್ಲೂ ಸಾಮಾನ್ಯವಾಗಿ ಇಷ್ಟೇ. ಪಿನ್ನಿನ ಸುತ್ತ ಮರಳು ಸೇರಿ ಉಜ್ಜಿದಾಗ ಒಂದೊಂದು ಕೊಂಡೀಲೂ ಕೂದಲೆಳೆಯಷ್ಟು ಸಡಿಲ ಬರತ್ತೆ. ನೂರು ಚಿಲ್ಲರೆ ಕೊಂಡಿಗಳ ಸಡಿಲ ಕೂಡಿದಾಗ ಚೈನ್ ಉದ್ದ ಆದ ಹಾಗೆ ಕಾಣತ್ತೆ. ಆಗ ಅದು ಹಲ್ಲಿನ ಬುಡದಲ್ಲಿ ಕೂರದೆ ಮೇಲೆ ಹತ್ತಿ ಕೂರತ್ತೆ, ಹಲ್ಲನ್ನ ತನ್ನ ಹೊಸ ಅಳತೆಗೆ ಕೊರ್ಕೊಳ್ಳತ್ತೆ. ಕೊರೆದ ಹಲ್ಲಿಗೆ ಹೊಸ ಚೈನ್ ಹಾಕಿದ್ರೆ ಕೂರಲ್ಲ, ಜಾರತ್ತೆ. ಅದಕ್ಕೇ ಎರಡೂ ಒಟ್ಟಿಗೆ ಬದಲಾಯಿಸಬೇಕಾಗಿ ಬರೋದು.

ಸವೆದಿದ್ಯಾ ಇಲ್ವಾ ನೋಡೋಕೆ ಅಕ್ಕಸಾಲಿಗರೂ ಬೇಡ, ಅಂಗಡಿಯೂ ಬೇಡ. ಮಕ್ಕಳ 12 ಇಂಚಿನ ಸ್ಟೀಲ್ ಸ್ಕೇಲ್ ಸಾಕು. ಹೊಲಿಗೆ ಟೇಪು ಬೇಡ, ಅದು ಎಳೆದ್ರೆ ಬರತ್ತೆ. ಚೈನ್ ಬಿಗಿಯಾಗಿರೋ ಮೇಲಿನ ಸಾಲಲ್ಲಿ ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಡಿ, ಅಲ್ಲಿಂದ 24ನೇ ಪಿನ್ನು ನೋಡಿ. ಸರಿಯಾಗಿ 12 ಇಂಚಿನ ಗೆರೆ ಮೇಲಿದ್ರೆ ಚೈನ್ ಚೆನ್ನಾಗಿದೆ. ಗೆರೆ ದಾಟಿ ಇಂಚಿನ ಹದಿನಾರನೇ ಒಂದು ಭಾಗ, ಅಂದ್ರೆ ಸುಮಾರು ಒಂದೂವರೆ ಮಿಲಿಮೀಟರ್, ಆಚೆ ಹೋಗಿದ್ರೆ ಹೊಸ ಚೈನ್ ತಗೊಳ್ಳಿ. ಎಂಟನೇ ಒಂದು ಭಾಗ ಹೋಗಿದ್ರೆ ನನ್ನ ಕಥೆನೇ, ಕ್ಯಾಸೆಟ್ಟಿಗೂ ದುಡ್ಡು ಎತ್ತಿಡಿ. ತಿಂಗಳಿಗೊಂದು ಸಲ, ಗ್ಯಾಸ್ ಸಿಲಿಂಡರ್ ತಾರೀಕು ಬರೀತೀರಲ್ಲ ಕ್ಯಾಲೆಂಡರ್ ಮೇಲೆ, ಅದರ ಪಕ್ಕದಲ್ಲೇ ಬರ್ಕೊಳ್ಳಿ.

ಗೇರ್ ವಿಷಯ ಬಂದ್ರೆ ಹುಡುಗೀರು ಕೂಡ ಹೆದರ್ತಾರೆ, ಲೆಕ್ಕ ಅಂದ್ಕೊಂಡು. ನನ್ನ ಸೈಕಲ್ಲಲ್ಲಿ ಮುಂದೆ ಎರಡು ಹಲ್ಲುಚಕ್ರ, ದೊಡ್ಡದಕ್ಕೆ 50 ಹಲ್ಲು, ಚಿಕ್ಕದಕ್ಕೆ 34. ಹಿಂದೆ ಎಂಟು, 11 ಹಲ್ಲಿಂದ 32ರವರೆಗೆ. ಮುಂದೆ 34, ಹಿಂದೆ 17 ಅಂದ್ರೆ ಪೆಡಲ್ ಒಂದು ಸುತ್ತಿಗೆ ಹಿಂದಿನ ಚಕ್ರ ಎರಡು ಸುತ್ತು, ನಾಲ್ಕು ಮೀಟರ್ ಚಿಲ್ಲರೆ ಮುಂದೆ. ಮುಂದೆ 50, ಹಿಂದೆ 11 ಅಂದ್ರೆ ಒಂದೇ ಸುತ್ತಿಗೆ ಒಂಬತ್ತೂವರೆ ಮೀಟರ್, ಇಳಿಜಾರಲ್ಲಿ ಸುಖ, ಏರಲ್ಲಿ ಪ್ರಾಣ ಹೋಗತ್ತೆ. ಮುಂದೆ 34, ಹಿಂದೆ 32 ಅಂದ್ರೆ ಎರಡೇ ಮೀಟರ್ ಚಿಲ್ಲರೆ, ಆದ್ರೆ ಕಾಲಿಗೆ ಹೂವೆತ್ತಿದ ಹಾಗೆ. ಹಿಂದೆ ದೊಡ್ಡದು ಅಂದ್ರೆ ಹಗುರ, ಇಷ್ಟು ನೆನಪಿಟ್ಕೊಂಡ್ರೆ ಸಾಕು. ಏರು ಶುರುವಾಗೋ ಮುಂಚೆ ಹಗುರದ ಗೇರಿಗೆ ಬನ್ನಿ. ಏರಿನ ಮಧ್ಯ, ಪೂರ್ತಿ ಭಾರ ಬಿಟ್ಟು ತುಳೀತಾ ಬದಲಾಯಿಸಿದ್ರೆ ಚೈನ್ ಅಡ್ಡಡ್ಡ ಎಳೆಸಿಕೊಂಡು ಹಲ್ಲಿಗೆ ಕಚ್ಚತ್ತೆ. ಒಂದರ್ಧ ಸುತ್ತು ಕಾಲು ಮೆತ್ತಗೆ ಮಾಡಿ ಬದಲಾಯಿಸಿ, ಸದ್ದೇ ಬರಲ್ಲ.

ಅಡ್ಡ ಎಳೆಯೋದು ಅಂದಾಗ ನಮ್ಮಜ್ಜಿ ನೆನಪಾಗ್ತಾರೆ. ಚಾಮರಾಜಪೇಟೆ ಮನೆ ಹಿತ್ತಲಲ್ಲಿ ಬಾವಿ ಇತ್ತು, ರಾಟೆ ಇತ್ತು. ನಾವು ಮಕ್ಕಳು ಬಾವಿಕಟ್ಟೆ ಪಕ್ಕದಲ್ಲಿ ನಿಂತು ಹಗ್ಗನ ಓರೆಗೆ ಎಳೀತಿದ್ವಿ. "ನೇರ ನಿಂತು ಸೇದ್ರೇ, ಹಗ್ಗ ತಿಂದುಹಾಕತ್ತೆ" ಅಂತ ಅಜ್ಜಿ ಅಡುಗೆಮನೆಯಿಂದಲೇ ಕೂಗೋರು, ರಾಟೆ ಸದ್ದು ಕೇಳೇ ಗೊತ್ತಾಗ್ತಿತ್ತು ಅವ್ರಿಗೆ. ಸೈಕಲ್ಲಲ್ಲಿ ಮುಂದೆ ದೊಡ್ಡದು ಹಿಂದೆಯೂ ದೊಡ್ಡದು ಹಾಕಿದ್ರೆ, ಇಲ್ಲಾ ಮುಂದೆ ಚಿಕ್ಕದು ಹಿಂದೆಯೂ ಚಿಕ್ಕದು ಹಾಕಿದ್ರೆ, ಚೈನ್ ಹಾಗೇ ಓರೆಯಾಗತ್ತೆ. ಮೊದಲನೆಯದರಲ್ಲಿ ತಂತಿ ಹಾಗೆ ಬಿಗಿಯಾಗತ್ತೆ, ಎರಡನೆಯದರಲ್ಲಿ ಜೋತುಬಿದ್ದು ಪಕ್ಕದ ಹಲ್ಲುಚಕ್ರಕ್ಕೆ ಉಜ್ಜತ್ತೆ. ಮುಂದೆ ದೊಡ್ಡದಿದ್ರೆ ಹಿಂದೆ ಚಿಕ್ಕದರ ಕಡೆ ಇರಿ, ಮುಂದೆ ಚಿಕ್ಕದಿದ್ರೆ ಹಿಂದೆ ದೊಡ್ಡದರ ಕಡೆ. ನಾನು ಮೊದಲ ವರ್ಷ ಪೂರ್ತಿ ದೊಡ್ಡದು-ದೊಡ್ಡದರಲ್ಲೇ ಓಡಿಸಿದ್ದೆ. ಸದ್ದು ಬರ್ತಿತ್ತು. ಸೈಕಲ್ ಅಂದ್ರೆ ಸದ್ದು ಮಾಡತ್ತೆ ಅಂದ್ಕೊಂಡಿದ್ದೆ. ಅಜ್ಜಿ ಕೇಳಿದ್ರೆ ಬೈಯೋರು.

ಇನ್ನು ಒರೆಸೋ ಕೆಲಸ. ಹಳೇ ಹತ್ತಿ ಬನಿಯನ್ನು ಇಲ್ಲಾ ಹಳೇ ಪಂಚೆ ಚೂರು, ಹಳೇ ಹಲ್ಲುಜ್ಜೋ ಬ್ರಷ್ಷು, ಚೈನಿಗೆ ಅಂತಲೇ ಸಿಗೋ ಎಣ್ಣೆ ಒಂದು ಶೀಶೆ. ಸೈಕಲ್ಲನ್ನ ಗೋಡೆಗೆ ಒರಗಿಸಿ, ಚೈನ್ ಇರೋ ಬಲಮಗ್ಗುಲು ನಿಮ್ಮ ಕಡೆ ಬರೋ ಹಾಗೆ. ಬಳೆ ಮೇಲಕ್ಕೆ ಸರಿಸಿ, ಸೆರಗು ಸಿಗಿಸಿ, ಜಡೆ ಹಿಂದಕ್ಕೆ. ಎಡಗೈಯಲ್ಲಿ ಬಟ್ಟೆ ತಗೊಂಡು ಚೈನಿನ ಕೆಳಸಾಲು ಮಧ್ಯದಲ್ಲಿ ಮೆತ್ತಗೆ ಹಿಡ್ಕೊಳ್ಳಿ, ಬಲಗೈಯಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸಿ. ಹಿಂದಕ್ಕೆ ಮಾತ್ರ, ನಿಧಾನ. ಹಲ್ಲುಚಕ್ರದ ಹತ್ತಿರ ಬೆರಳು ಬೇಡ. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರ ಗಿರ್ರಂತ ತಿರುಗ್ತಿರೋವಾಗ ಬಟ್ಟೆ ಹಿಡಿದವರ ಬೆರಳು ಚೈನಿನ ಜೊತೆ ಒಳಗೆ ಹೋಗಿಬಿಡತ್ತೆ. ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೋಬೇಡಿ. ಬಟ್ಟೆ ಜಾಗ ಬದಲಾಯಿಸ್ತಾ ಬಿಳೀ ಬಟ್ಟೆಗೆ ಕಪ್ಪು ಅಂಟೋದು ಕಮ್ಮಿಯಾಗೋ ತನಕ ಒರೆಸಿ. ಪೂರ್ತಿ ನಿಲ್ಲಲ್ಲ, ಅಲ್ಲೀವರೆಗೂ ಕೂತ್ರೆ ಸಾರು ಉಕ್ಕತ್ತೆ.

ಸೀಮೆಎಣ್ಣೆ ಈಗ ಸಿಗೋದೂ ಕಷ್ಟ, ಸಿಕ್ಕಿದ್ರೂ ಸೈಕಲ್ ಮೇಲೆ ಸುರಿಬೇಡಿ, ಹಿಂದಿನ ಚಕ್ರದ ಗುಂಬದೊಳಗೆ ಇಳಿದು ಅಲ್ಲಿರೋ ಗ್ರೀಸನ್ನ ತೊಳೆದುಬಿಡತ್ತೆ. ತುಂಬಾ ಕೊಳೆ ಇದ್ರೆ ಬ್ರಷ್ಷಿಗೆ ಸ್ವಲ್ಪ ಪಾತ್ರೆ ತೊಳೆಯೋ ಲಿಕ್ವಿಡ್ಡು, ಬೆಚ್ಚಗಿನ ನೀರು, ಆಮೇಲೆ ಒಣಬಟ್ಟೆ, ಆಮೇಲೆ ಒಂದು ಗಂಟೆ ಬಿಸಿಲು. ಒಣಗದೆ ಎಣ್ಣೆ ಹಾಕಿದ್ರೆ ಒಳಗಿನ ನೀರು ಒಳಗೇ ಉಳಿದು ತುಕ್ಕು. ಸ್ಪ್ರೇ ಡಬ್ಬಿ ಡಬ್ಲ್ಯೂಡಿ-40 ಎಲ್ಲರ ಮನೇಲೂ ಇರತ್ತೆ, ಅದನ್ನೇ ಚೈನಿಗೆ ಹೊಡೆದು ಆಯ್ತು ಅಂತಾರೆ. ಅದು 1953ರಲ್ಲಿ ಅಮೆರಿಕದಲ್ಲಿ ನೀರಿನ ಪಸೆ ಓಡಿಸೋಕೆ, ತುಕ್ಕು ತಡೆಯೋಕೆ ಅಂತ ಮಾಡಿದ್ದು. ತುಕ್ಕು ಬಿಡಿಸೋಕೆ ಒಳ್ಳೇದು, ಚೈನಿನೊಳಗೆ ಎಣ್ಣೆಯಾಗಿ ಬಹಳ ದಿನ ನಿಲ್ಲಲ್ಲ. ಹೊಲಿಗೆ ಮೆಷಿನ್ ಎಣ್ಣೆ ತೀರಾ ತೆಳ್ಳಗೆ, ತುರ್ತಿಗೆ ಪರವಾಗಿಲ್ಲ.

ಎಣ್ಣೆ ಹಾಕೋದು ತಲೆಗೆ ಹಚ್ಚಿದ ಹಾಗೆ. ಕೂದಲ ಮೇಲೆ ಸುರಿದ್ರೆ ದಿಂಬು ಹಾಳು, ಬುಡಕ್ಕೆ ಹೋಗಬೇಕು. ಪ್ರತಿ ಉರುಳೆ ಮೇಲೆ ಒಂದೇ ಹನಿ. ರೋಡ್ ಸೈಕಲ್ ಚೈನಿಗೆ ಸಾಮಾನ್ಯವಾಗಿ 108ರಿಂದ 114 ಕೊಂಡಿ ಇರತ್ತೆ. ನಾನು ಅಷ್ಟೋತ್ತರ ಹೇಳ್ಕೊಂಡು ಒಂದೊಂದು ನಾಮಕ್ಕೆ ಒಂದೊಂದು ಹನಿ ಹಾಕ್ತೀನಿ, ಲೆಕ್ಕವೂ ತಪ್ಪಲ್ಲ, ಬೆಳಗಿನ ಕೆಲಸವೂ ಮುಗೀತು. ನಮ್ಮತ್ತೆ ಇದನ್ನ ಕೇಳಿ ಎರಡು ದಿನ ಮಾತಾಡಿರಲಿಲ್ಲ. ಹಾಕಿದ ಮೇಲೆ ಇಪ್ಪತ್ತು ಸುತ್ತು ಹಿಂದಕ್ಕೆ ತಿರುಗಿಸಿ, ಒಂದಷ್ಟು ಹೊತ್ತು ಬಿಡಿ, ರಾತ್ರಿಯಿಡೀ ಬಿಟ್ರೆ ಇನ್ನೂ ಒಳ್ಳೇದು. ಬೆಳಗ್ಗೆ ಹೊರಗಿನ ಎಣ್ಣೆ ಪೂರ್ತಿ ಒರೆಸಿ ತೆಗೀರಿ. ಇಲ್ಲೇ ಎಲ್ಲರೂ ತಪ್ಪೋದು. ಹೊಳೀತಾ ಇರೋ ಚೈನ್ ನೋಡಿ ಖುಷಿ ಪಡ್ತಾರೆ. ಹೊಳೆಯೋ ಎಣ್ಣೆ ಧೂಳಿಗೆ ಆಮಂತ್ರಣ. ಕೆಲಸಕ್ಕೆ ಬರೋ ಎಣ್ಣೆ ಒಳಗಿರತ್ತೆ, ಕಾಣಲ್ಲ.

ಎಣ್ಣೇಲೂ ಎರಡು ಜಾತಿ, ಒಣದು ಮತ್ತೆ ಹಸೀದು ಅಂತ. ನಮ್ಮೂರಿಗೆ ಡಿಸೆಂಬರಿಂದ ಏಪ್ರಿಲ್ ತನಕ ಒಣದು, ಧೂಳು ಕಮ್ಮಿ ಹಿಡಿಯತ್ತೆ. ಮೇ ತಿಂಗಳ ಗುಡುಗುಮಳೆ, ಆಮೇಲೆ ಆಗಸ್ಟಿಂದ ಅಕ್ಟೋಬರ್ ತನಕ ಹಸೀದು, ನೀರಿಗೆ ಬೇಗ ತೊಳೆದು ಹೋಗಲ್ಲ. ಮಳೇಲಿ ನೆನೆದು ಬಂದ ದಿನ ಎಷ್ಟೇ ಸುಸ್ತಾಗಿದ್ರೂ ತಲೆ ಒರೆಸ್ಕೊಳ್ಳೋ ಮುಂಚೆ ಚೈನ್ ಒರೆಸಿ, ರಾತ್ರಿ ಬಿಟ್ರೆ ಬೆಳಗ್ಗೆ ಕೆಂಪಗಾಗಿರತ್ತೆ. ಮಿಕ್ಕಂತೆ 150-200 ಕಿಲೋಮೀಟರಿಗೆ ಒಂದು ಸಲ. ನನ್ನ ಲೆಕ್ಕದಲ್ಲಿ ಅದು ಎರಡು ವಾರ. ಕಡಲೆಕಾಯಿ ಪರಿಷೆ ವಾರದಲ್ಲಿ ಬುಲ್ ಟೆಂಪಲ್ ರಸ್ತೆ ಕಡೆ ಸೈಕಲ್ ತಗೊಂಡು ಹೋಗಲೇಬೇಡಿ, ಸಿಪ್ಪೆ ಎಲ್ಲಿ ಎಲ್ಲಿ ಸೇರ್ಕೊಳ್ಳತ್ತೆ ಅಂತ ಹೇಳೋಕಾಗಲ್ಲ. ನಡ್ಕೊಂಡು ಹೋಗಿ ಕಡಲೆಕಾಯಿ ತಿನ್ನಿ.

ಇದನ್ನೆಲ್ಲ ಮಲ್ಲೇಶ್ವರದ ತಂಗಿಗೆ ಹೇಳಿದಾಗ ಅವಳು ಹೇಳಿದ್ದನ್ನ ಇಲ್ಲಿ ಬರೀಲೇಬೇಕು, ಯಾಕಂದ್ರೆ ಅದು ಸುಳ್ಳಲ್ಲ. "ಅಕ್ಕ, ಬೆಳಗ್ಗೆ ಐದರಿಂದ ರಾತ್ರಿ ಹತ್ತರ ತನಕ ಒರೆಸೋದು, ತೊಳೆಯೋದು, ಜೋಡಿಸೋದು. ಸೈಕಲ್ ಹತ್ತೋದೇ ಇದರಿಂದ ಒಂದು ಗಂಟೆ ತಪ್ಪಿಸ್ಕೊಳ್ಳೋಕೆ. ಅಲ್ಲೂ ಒರೆಸು ಅಂತೀಯಲ್ಲ. ಗಂಡಸ್ರು ಸೈಕಲ್ಲನ್ನ ಅಂಗಡಿಗೆ ಬಿಟ್ಟು ಬಂದ್ರೆ ಯಾರೂ ಏನೂ ಅನ್ನಲ್ಲ. ನಾವು ಬಿಟ್ರೆ ಸೋಮಾರಿಗಳಾ?"

ಸೋಮಾರಿ ಅಂತ ನಾನು ಯಾರನ್ನೂ ಅನ್ನಲ್ಲ. ದುಡ್ಡಿದ್ರೆ ಅಂಗಡಿಗೆ ಬಿಡಿ, ತಪ್ಪೇನಿಲ್ಲ. ಆದ್ರೆ ಅಂಗಡಿ ವರ್ಷಕ್ಕೆ ಎರಡು ಸಲ. ಚೈನ್ ಕೆಡೋದು ಆ ಎರಡು ಸಲದ ಮಧ್ಯೆ. ಮತ್ತೆ, ಮನೆಕೆಲಸ ನಾನು ಮಾಡೋದು ಎಲ್ಲರಿಗೋಸ್ಕರ. ಈ ಕಾಲು ಗಂಟೆ ಮಾಡೋದು ಭಾನುವಾರ ನಿನ್ನ ಮನೆಗೆ ಬರೋಕೆ, ಯಾರನ್ನೂ "ಸ್ವಲ್ಪ ನೋಡ್ತೀರಾ" ಅಂತ ಕೇಳದೆ. ಕೇಳಿದ್ರೆ ಏನಾಗತ್ತೆ ಗೊತ್ತಲ್ಲ. "ಈ ವಾರ ಆಗಲ್ಲ, ಮುಂದಿನ ವಾರ" ಅಂತಾರೆ, ಆ ವಾರ ಸೈಕಲ್ ಇಲ್ಲ. ಇನ್ನೊಂದು ವಾರ. ಆಮೇಲೆ ಟಯರ್ ಗಾಳಿ ಇಳಿದು, ಅದರ ಮೇಲೆ ಒಗೆದ ಬಟ್ಟೆ ಒಣಹಾಕೋಕೆ ಶುರು ಮಾಡ್ತೀವಿ. ನಮ್ಮ ಸಂಬಂಧಿಕರಲ್ಲೇ ನಾಲ್ಕು ಮನೇಲಿ ಹೆಂಗಸ್ರ ಸೈಕಲ್ ಹಾಗೆ ನಿಂತಿರೋದು ನೋಡಿದ್ದೀನಿ. ನಾಲ್ಕರಲ್ಲಿ ಮೂರಕ್ಕೆ ಚೈನ್ ಬಿಟ್ಟು ಬೇರೆ ಏನೂ ಆಗಿರಲಿಲ್ಲ.

ಇದಕ್ಕೆ ನಮ್ಮ ಹಳೇ ಲೇಡೀಸ್ ಸೈಕಲ್ಲೂ ಒಂದು ಕಾರಣ ಅಂತ ನನ್ನ ಅನುಮಾನ. ಲಂಗ, ಸೀರೆ ಸಿಕ್ಕಿಹಾಕ್ಕೋಬಾರದು ಅಂತ ಅದರ ಚೈನಿಗೆ ಪೂರ್ತಿ ತಗಡಿನ ಕವರ್ ಇರ್ತಿತ್ತು. ಒಳಗೆ ಧೂಳೂ ಹೋಗ್ತಿರಲಿಲ್ಲ, ವರ್ಷಕ್ಕೆ ಒಂದು ಸಲ ಬೀದಿ ಮೂಲೆ ಸೈಕಲ್ ಶಾಪಿನವ್ರು ಬಿಚ್ಚಿ ಎಣ್ಣೆ ಬಿಟ್ರೆ ಮುಗೀತು. ಹಾಗಾಗಿ ನಮ್ಮ ಕಾಲದ ಹುಡುಗೀರು ಚೈನ್ ಕಣ್ಣಲ್ಲಿ ನೋಡದೇನೇ ಸೈಕಲ್ ಕಲಿತ್ವಿ. ಈಗಿನ ರೋಡ್ ಸೈಕಲ್ಲಿಗೆ ಆ ಕವರ್ ಇಲ್ಲ, ಎಂಟು ಹಲ್ಲುಚಕ್ರದ ಮೇಲೆ ಆಚೆ ಈಚೆ ಓಡಾಡೋ ಚೈನಿಗೆ ಕವರ್ ಹಾಕೋಕೂ ಆಗಲ್ಲ. ಸೈಕಲ್ ಬದಲಾಯ್ತು, ನಮ್ಮ ಅಭ್ಯಾಸ ಬದಲಾಗಲಿಲ್ಲ.

ಇನ್ನೊಂದು ವಿಷಯ ಓದಿ ನಂಗೆ ಆಶ್ಚರ್ಯ ಆಗಿತ್ತು. ಮೊದಲು ಸೈಕಲ್ಲಿಗೆ ಚೈನೇ ಇರಲಿಲ್ಲವಂತೆ, ಆಳೆತ್ತರದ ಮುಂದಿನ ಚಕ್ರಕ್ಕೇ ಪೆಡಲ್ ಇರ್ತಿತ್ತು. ಉದ್ದ ಲಂಗ ಹಾಕ್ಕೊಂಡ ಹೆಂಗಸು ಅದನ್ನ ಹತ್ತೋ ಮಾತೇ ಇಲ್ಲ. 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ಅನ್ನೋರು ಈಗಿನ ಥರದ ಉರುಳೆ ಚೈನ್ ಮಾಡಿದ್ರು. 1885ರಲ್ಲಿ ಸ್ಟಾರ್ಲಿ ಅನ್ನೋರ ರೋವರ್ ಸೈಕಲ್ ಬಂತು, ಚೈನಿಂದ ಹಿಂದಿನ ಚಕ್ರ ತಿರುಗಿಸೋದು, ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಎತ್ತರ. ಆಮೇಲೆ ತಾನೇ ಮಧ್ಯದ ಕಂಬಿ ಇಳಿಸಿ ಹೆಂಗಸ್ರ ಸೈಕಲ್ ಮಾಡೋಕಾಗಿದ್ದು. ನಾವು ಕೂತಿರೋದೇ ಈ ಚೈನಿನ ದೆಸೆಯಿಂದ, ಅದನ್ನೇ ಮುಟ್ಟಲ್ಲ ಅಂತೀವಿ.

ಹೇಳೋಕೆ ನಾಚಿಕೆ ಆಗೋ ಒಂದು ವಿಷಯ ಇದೆ. 2006-07ರಿಂದ ನಮ್ಮ ರಾಜ್ಯದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರದಿಂದ ಸೈಕಲ್ ಕೊಡೋಕೆ ಶುರುವಾಯ್ತಲ್ಲ, ಆಗ ನಮ್ಮನೆ ಕೆಲಸಕ್ಕೆ ಬರ್ತಿದ್ದವಳ ಊರಲ್ಲಿ ಅವಳ ಅಕ್ಕನ ಮಗಳಿಗೂ ಒಂದು ಬಂತು. ಹುಡುಗಿ ಮೂರು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಅದರಲ್ಲೇ ಹೋಗ್ತಿದ್ಲು. ಒಂದು ಮಳೆಗಾಲ ಕಳೆದ ಮೇಲೆ ಚೈನ್ ತುಕ್ಕು ಹಿಡಿದು ಸಿಕ್ಕಿಹಾಕ್ಕೊಳ್ತು, ದಾರಿ ಮಧ್ಯ ಎರಡು ಸಲ ಕೈಕೊಡ್ತು. ಮನೇಲಿ "ಹಾಳು ಸೈಕಲ್, ದಾರೀಲಿ ಒಬ್ಬಳೇ ನಿಲ್ಲೋದು ಬೇಡ" ಅಂತ ನಿಲ್ಲಿಸಿದ್ರು. ಆಮೇಲೆ ಕೆಲವು ದಿನ ನಡ್ಕೊಂಡು ಹೋದ್ಲು, ಆಮೇಲೆ ಸ್ಕೂಲಿಗೇ ಹೋಗಲಿಲ್ಲ. ಇದನ್ನ ಅವಳು ನಮ್ಮ ಅಡುಗೆಮನೇಲಿ ಪಾತ್ರೆ ತೊಳೀತಾ ಹೇಳಿದಾಗ ನಾನು ಅಯ್ಯೋ ಪಾಪ ಅಂದೆ. ಒಂದು ಚೂರು ಬಟ್ಟೆ, ಹತ್ತು ಹನಿ ಎಣ್ಣೆ ಅಂತ ನಂಗೆ ಆಗ ಗೊತ್ತಿರಲಿಲ್ಲ. ಸ್ಕೂಲು ಬಿಡೋಕೆ ಅದೊಂದೇ ಕಾರಣ ಇರಲಿಕ್ಕಿಲ್ಲ. ಆದ್ರೂ ಚೈನ್ ಒರೆಸೋವಾಗ ಆ ಹುಡುಗಿ ನೆನಪಾಗ್ತಾಳೆ. ವಿಜಯಪುರ, ಬಾಗಲಕೋಟೆ ಕಡೆ ಹಳ್ಳಿ ಹುಡುಗೀರು ಸೈಕಲ್ ರೇಸಲ್ಲಿ ರಾಷ್ಟ್ರಮಟ್ಟಕ್ಕೆ ಹೋಗ್ತಾರೆ, ಪೇಪರಲ್ಲಿ ಬಂದಾಗೆಲ್ಲ ಚೈನನ್ನ ಯಾರು ನೋಡ್ಕೋತಾರೆ ಅಂತ ಯೋಚನೆ ಬರತ್ತೆ ನಂಗೆ, ಮೆಡಲ್ ವಿಷಯ ಆಮೇಲೆ.

ಎಲ್ಲವನ್ನೂ ನೀವೇ ಮಾಡಿ ಅಂತಲೂ ನಾನು ಹೇಳಲ್ಲ. ಸೈಕಲ್ ಬಲಮಗ್ಗುಲಿಗೆ ಬಿದ್ದು ಹಿಂದಿನ ಡಿರೇಲರ್, ಅದೇ ಚೈನನ್ನ ಹಲ್ಲಿಂದ ಹಲ್ಲಿಗೆ ದಾಟಿಸೋ ತೋಳು, ಅದು ಒಳಕ್ಕೆ ಬಾಗಿದ್ರೆ ಕೈ ಹಾಕ್ಬೇಡಿ, ತುಳೀಲೂಬೇಡಿ, ಅದು ಚಕ್ರದ ಕಡ್ಡಿಗಳೊಳಗೆ ಹೋದ್ರೆ ಸೈಕಲ್ಲೂ ಹೋಗತ್ತೆ ನೀವೂ ಬೀಳ್ತೀರ. ಸೀದಾ ಅಂಗಡಿಗೆ. ಅದರ ಮೇಲಿರೋ ಎರಡು ಪುಟ್ಟ ಸ್ಕ್ರೂಗಳನ್ನೂ ಸುಮ್ನೆ ತಿರುಗಿಸಬೇಡಿ. ಪೆಡಲ್ ಮಧ್ಯದ ಬೇರಿಂಗ್, ಚೈನ್ ಕತ್ತರಿಸಿ ಅಳತೆ ಮಾಡೋದು, ಇವೂ ಗೊತ್ತಿರೋರ ಕೈಗೇ ಇರಲಿ. ಆದ್ರೆ ಹೊಸ ಸೈಕಲ್ಲಲ್ಲಿ ಮೊದಲ ಕೆಲವು ವಾರ ಗೇರ್ ಕೇಬಲ್ ಸ್ವಲ್ಪ ಸಡಿಲ ಆಗೋದು ಸಹಜ. ದೊಡ್ಡ ಹಲ್ಲುಚಕ್ರಕ್ಕೆ ಹತ್ತೋಕೆ ಚೈನ್ ಅನುಮಾನಿಸ್ತಿದ್ರೆ, ಕೇಬಲ್ ಡಿರೇಲರ್ ಒಳಗೆ ಹೋಗೋ ಜಾಗದಲ್ಲಿ ಬೆರಳಲ್ಲೇ ತಿರುಗಿಸೋ ಒಂದು ಗುಂಡಿ ಇರತ್ತೆ. ಹಿಂದಿನಿಂದ ನೋಡ್ತಾ ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು, ತುಳಿದು ನೋಡಿ, ಮತ್ತೆ ಕಾಲು ಸುತ್ತು. ಹೊಲಿಗೆ ಮೆಷಿನ್ನಲ್ಲಿ ದಾರದ ಬಿಗಿ ಸರಿ ಮಾಡೋ ತಿರುಪು ಇದ್ಯಲ್ಲ, ಅದೇ ಕೈ, ಅದೇ ಅಂದಾಜು. ನಮ್ಮಣ್ಣನ ಮಗಳ ಸೈಕಲ್ಲಿಗೆ ನಿನ್ನೆ ಅರ್ಧ ಸುತ್ತು ಬೇಕಾಯ್ತು.

ಹಾರದ ದಾರ ಕತ್ತರಿಸಿ ತೆಗೆದೆ, ಅರಿಶಿನದ ಗಸಿ ಬ್ರಷ್ಷಲ್ಲಿ ತೆಗೆಯೋದನ್ನ ಅವಳ ಕೈಲೇ ಮಾಡಿಸಿದೆ. ಮೊದಲು ಮೂಗು ಮುರಿದ್ಲು, ಹೊಸ ನೇಲ್ ಪಾಲಿಶ್ ಬೇರೆ. ಅರ್ಧ ಗಂಟೆ ಹಿಡೀತು. ಸ್ಕೇಲ್ ಇಟ್ಟು ಅಳೆದ್ವಿ, 24ನೇ ಪಿನ್ನು ಗೆರೆ ಮೇಲೇ ಇತ್ತು, ಚೈನಿಗೆ ಏನೂ ಆಗಿಲ್ಲ. ಕತ್ತಲಾಗೋ ಹೊತ್ತಿಗೆ ಬ್ಯೂಗಲ್ ರಾಕ್ ಏರು ಒಂದು ಸಲ ಹತ್ತಿ ಇಳಿದು ಬಂದು "ಅತ್ತೆ, ಸದ್ದೇ ಇಲ್ಲ" ಅಂದ್ಲು. ಅಣ್ಣಂಗೆ ಫೋನ್ ಮಾಡಿ, ಮುಂದಿನ ವರ್ಷ ಆಯುಧಪೂಜೆಗೆ ಕುಂಕುಮ ಹ್ಯಾಂಡಲ್ಲಿಗೆ ಇಡಿ, ಚೈನ್ ಹತ್ತಿರ ಬರಬೇಡಿ ಅಂತ ಹೇಳಿದ್ದೀನಿ.

ಸ್ಟೀಲ್ ಸ್ಕೇಲ್ ನಮ್ಮನೇಲಿದೆ, ಎಣ್ಣೆ ಶೀಶೇನೂ ಇನ್ನೂ ಅರ್ಧ ಇದೆ. ಈ ಭಾನುವಾರ ನಾನು ಮಲ್ಲೇಶ್ವರಕ್ಕೆ ಹೋಗ್ತಿಲ್ಲ. ಬರೋರು ಹನ್ನೊಂದರ ಮೇಲೆ ಸೈಕಲ್ ತಗೊಂಡು ಬನ್ನಿ, ಹಳೇ ಬಟ್ಟೆ ನಿಮ್ಮದೇ ತನ್ನಿ. ಸ್ಕೇಲ್ ಮನೆಗೆ ತಗೊಂಡು ಹೋದ್ರೆ ವಾಪಸ್ ಕೊಡಿ. ಹೋದ ಯುಗಾದೀಲಿ ಕೊಟ್ಟ ಒಬ್ಬಟ್ಟಿನ ಡಬ್ಬಿ ಯಾರ ಮನೇಲಿದೆ ಅಂತ ನಂಗೆ ಗೊತ್ತು.